ಹಳೆಯ ನಿರ್ಧಾರಕ್ಕೆ ಬೆಲೆ ಕೊಡುವ ಸೀಕ್ವೆಲ್ ಯಾವುದು? ವಿಚರ್ 3, ವೇಲ್‌ಗಾರ್ಡ್, ಬಾಲ್ಡರ್ಸ್ ಗೇಟ್ 3

ಮೂರೂ ನಮ್ಮ ನಿರ್ಧಾರದಿಂದ ಕಥೆ ಕವಲೊಡೆಯುವ ವಿಡಿಯೋ ಗೇಮ್‌ಗಳು. ಮೂರರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಕಣ್ಣುಮುಚ್ಚಿ ವಿಚರ್ 3 ತಗೊಳ್ಳಿ. ಸೇಲ್ ಬಂದಾಗ ವಿಚರ್ 2 ಕೂಡ ಚಿಲ್ಲರೆ ಕಾಸಿಗೆ ಸಿಗುತ್ತದೆ, ಎರಡನ್ನೂ ಒಟ್ಟಿಗೆ ಎತ್ತಿಕೊಂಡರೆ ಇನ್ನೂ ಒಳ್ಳೆಯದು. ಗ್ರಾಫಿಕ್ಸ್, ಎಷ್ಟು ಜಿಬಿ, ಯಾವ ಕಾರ್ಡ್ ಬೇಕು ಅನ್ನುವುದೆಲ್ಲ ಸ್ಟೋರ್ ಪುಟದಲ್ಲೇ ಇದೆ. ನಾನು ಇಲ್ಲಿ ಅಳೆಯುವುದು ಒಂದನ್ನೇ: ನಾವು ಮಾಡಿದ ನಿರ್ಧಾರದಿಂದ ಆಟದಲ್ಲಿ ಏನು ಕೈತಪ್ಪುತ್ತದೆ, ಮತ್ತು ಅದು ನಮಗೆ ಯಾವಾಗ ಗೊತ್ತಾಗುತ್ತದೆ. ಮುಂದೆ ಕಥೆಯ ಗುಟ್ಟುಗಳು ಬಯಲಾಗುತ್ತವೆ, ಬೇಡದವರು ಇಲ್ಲಿಗೇ ನಿಲ್ಲಿಸಿ.

ಮೊದಲು ಡ್ರ್ಯಾಗನ್ ಏಜ್ ಸರಣಿಯ ನಾಲ್ಕನೇ ಆಟ ವೇಲ್‌ಗಾರ್ಡ್‌ನ ಕಿರಿಕಿರಿ. ಡ್ರ್ಯಾಗನ್ ಏಜ್ ಅಭಿಮಾನಿಗಳಿಗೆ ಅಷ್ಟೊಂದು ಸಿಟ್ಟು ಯಾಕೆ ಬಂತು ಅಂತ ತಿಳಿಯಬೇಕಾದರೆ 2014ರ ಮೂರನೇ ಆಟ ಇನ್‌ಕ್ವಿಸಿಷನ್ ನೆನಪಿಸಿಕೊಳ್ಳಬೇಕು. ಆಗ ತಯಾರಕ ಸಂಸ್ಥೆ ಬಯೋವೇರ್ ಹಳೆಯ ಸೇವ್ ಫೈಲ್ (ಹಿಂದಿನ ಆಟದಲ್ಲಿ ಉಳಿಸಿಟ್ಟ ದಾಖಲೆ) ಓದುವ ಗೋಜಿಗೆ ಹೋಗದೆ 'ಡ್ರ್ಯಾಗನ್ ಏಜ್ ಕೀಪ್' ಅಂತ ಒಂದು ಜಾಲತಾಣ ಕೊಟ್ಟಿತು. ಹಿಂದಿನ ಆಟಗಳ 300ಕ್ಕೂ ಹೆಚ್ಚು ನಿರ್ಧಾರಗಳು ಅಲ್ಲಿದ್ದವು. ಫೆರೆಲ್ಡನ್ ರಾಜ್ಯದ ಗದ್ದುಗೆ ಅಲಿಸ್ಟೇರ್‌ಗೋ ಅನೋರಾಗೋ, ಸೇನಾಪತಿ ಲೋಗೇನ್ ಬದುಕಿದನೋ ಇಲ್ಲವೋ, ಮಾಂತ್ರಿಕೆ ಮಾರಿಗನ್‌ಗೆ ಮಗುವಿದೆಯೋ ಇಲ್ಲವೋ, ಹೀಗೆ ಒಂದೊಂದಕ್ಕೂ ಕೈಯಾರೆ ಗುರುತು ಹಾಕಿ, ಹೊಸ ಆಟ ಶುರುಮಾಡುವಾಗ ತರಿಸಿಕೊಳ್ಳಬೇಕಿತ್ತು. ಬೇಸರದ ಕೆಲಸವೇ, ಆದರೆ ಫಲ ಕಾಣುತ್ತಿತ್ತು. ರೆಡ್‌ಕ್ಲಿಫ್ ಊರಿನಿಂದ ಮಾಂತ್ರಿಕರನ್ನು ಹೊರಗಟ್ಟಲು ಬರುವುದು ನೀವು ಪಟ್ಟಕ್ಕೇರಿಸಿದವರೇ. ಅಡಮಂಟ್ ಕೋಟೆಯ ಹೊತ್ತಿಗೆ ನಿಮ್ಮ ಜೊತೆಗೆ ನಿಲ್ಲುವ ವಾರ್ಡನ್ (ಬ್ಲೈಟ್ ಅನ್ನುವ ಪಿಡುಗಿನ ವಿರುದ್ಧ ಹೋರಾಡುವ ಪಡೆಯವನು) ಅಲಿಸ್ಟೇರ್, ಲೋಗೇನ್ ಅಥವಾ ಸ್ಟ್ರೌಡ್, ಯಾರು ಅನ್ನುವುದನ್ನು ಹಳೆಯ ಆಟವೇ ತೀರ್ಮಾನಿಸುತ್ತಿತ್ತು. ಅವನನ್ನೋ ಎರಡನೇ ಆಟದ ನಾಯಕ ಹಾಕ್‌ನನ್ನೋ, ಇಬ್ಬರಲ್ಲಿ ಒಬ್ಬರನ್ನು ಫೇಡ್ ಎಂಬ ಆತ್ಮಗಳ ಲೋಕದಲ್ಲೇ ಬಿಟ್ಟು ಬರಬೇಕಾದಾಗ, ಸ್ಟ್ರೌಡ್ ಇದ್ದವರಿಗೂ ಅಲಿಸ್ಟೇರ್ ಇದ್ದವರಿಗೂ ಹೊಟ್ಟೆಯೊಳಗಿನ ಸಂಕಟ ಬೇರೆ ಬೇರೆ.

ಹತ್ತು ವರ್ಷ ಕಾದ ಮೇಲೆ, 2024ರ ಅಕ್ಟೋಬರ್ 31ರಂದು ಬಂದ ವೇಲ್‌ಗಾರ್ಡ್ ಕೇಳುವುದು ಮೂರೇ ಪ್ರಶ್ನೆ. ನಿಮ್ಮ ಇನ್‌ಕ್ವಿಸಿಟರ್ (ಹಿಂದಿನ ಆಟದ ನಾಯಕ) ಯಾರನ್ನು ಪ್ರೀತಿಸಿದರು, ಇನ್‌ಕ್ವಿಸಿಷನ್ ಸಂಸ್ಥೆಯನ್ನು ವಿಸರ್ಜಿಸಿದಿರಾ, ಜೊತೆಗಾರನಾಗಿದ್ದು ತಿರುಗಿಬಿದ್ದ ಸೋಲಸ್‌ನನ್ನು ತಡೆಯುವ ಶಪಥವೋ ತಿದ್ದುವ ಶಪಥವೋ. ಪಾತ್ರ ರೂಪಿಸುವ ಹಂತದಲ್ಲಿ ಇವು ಕಾರ್ಡ್‌ಗಳ ರೂಪದಲ್ಲಿ ಬರುತ್ತವೆ. ಮುಖದ ಮೂಗು ಗಲ್ಲ ಸರಿಮಾಡುವ ಗಡಿಬಿಡಿಯಲ್ಲಿ ಇದನ್ನು ದಾಟಿಸಿಬಿಟ್ಟರೆ ಡೀಫಾಲ್ಟ್ ಉತ್ತರಗಳೇ ಗಟ್ಟಿ, ಆಮೇಲೆ ಬದಲಿಸಲು ಬರುವುದಿಲ್ಲ.

ಡಿವೈನ್ (ಧರ್ಮಗುರು) ಪಟ್ಟ ಯಾರಿಗೆ ಹೋಯಿತು ಅಂತ ಕೇಳದಿದ್ದರೆ ಒಪ್ಪಬಹುದು. ಕಥೆ ಉತ್ತರಕ್ಕೆ, ಟೆವಿಂಟರ್ ಮತ್ತು ಆಂಟಿವಾ ಕಡೆಗೆ ಹೋಗಿದೆ. ಒಂದೊಂದು ಹಳೆಯ ನಿರ್ಧಾರಕ್ಕೂ ಬೇರೆ ಸಂಭಾಷಣೆ ಬರೆಸಿ, ಧ್ವನಿ ಕೊಡಿಸಿ, ಪರೀಕ್ಷೆ ಮಾಡಿಸುವ ಖರ್ಚೂ ಸಣ್ಣದಲ್ಲ. ಆದರೆ ಮಾರಿಗನ್‌ಳನ್ನೇ ಕಣ್ಣೆದುರು ತಂದು ನಿಲ್ಲಿಸಿದ್ದಾರಲ್ಲ! ಇನ್‌ಕ್ವಿಸಿಷನ್‌ನಲ್ಲಿ ವೆಲ್ ಆಫ್ ಸಾರೋಸ್ ಎಂಬ ಮಾಯದ ಕೊಳದ ನೀರು ಕುಡಿದದ್ದು ಅವಳೋ ಇನ್‌ಕ್ವಿಸಿಟರೋ? ಮಗ ಕೀರನ್ ಇದ್ದಾನೋ ಇಲ್ಲವೋ? ಎಲ್ಲ ಗಪ್‌ಚುಪ್. ಅದು ಸಾಲದು ಅಂತ, ಹಳೆಯ ಮೂರು ಆಟಗಳು ನಡೆದ ದಕ್ಷಿಣದ ನಾಡುಗಳು ಬ್ಲೈಟ್‌ಗೆ ಬಲಿಯಾಗುತ್ತಿವೆ ಅನ್ನುವ ಸುದ್ದಿ ಪತ್ರಗಳಲ್ಲಿ ಬರುತ್ತಾ ಹೋಗುತ್ತದೆ. ಮೂರು ಕಾರ್ಡ್ ಕೊಟ್ಟು ಮೂಗಿಗೆ ತುಪ್ಪ ಸವರಿ, ಉಳಿದದ್ದಕ್ಕೆ ಎಳ್ಳುನೀರು ಬಿಟ್ಟ ಹಾಗಾಯಿತು.

ಹೊಸ ನಿರ್ಧಾರಗಳ ವಿಷಯದಲ್ಲಿ ಮಾತ್ರ ವೇಲ್‌ಗಾರ್ಡ್ ಅಷ್ಟು ಕಳಪೆಯಲ್ಲ. ಮಿನ್ರಾಥಸ್ ಮತ್ತು ಟ್ರೆವಿಸೊ ಎರಡೂ ನಗರಗಳ ಮೇಲೆ ಒಂದೇ ಹೊತ್ತಿಗೆ ಡ್ರ್ಯಾಗನ್ ಎರಗುತ್ತದೆ, ನೀವು ಹೋಗಬಹುದಾದದ್ದು ಒಂದಕ್ಕೇ. ಮಿನ್ರಾಥಸ್ ಉಳಿಸಿದರೆ ಟ್ರೆವಿಸೊದ ಜೊತೆಗಾರ ಲುಕಾನಿಸ್ ಜೊತೆಗಿನ ಪ್ರೇಮದ ಬಾಗಿಲು ಮುಚ್ಚಿತು. ಕೊನೆಯ ಕಾರ್ಯಾಚರಣೆಯಲ್ಲಿ ಎರಡನೇ ತಂಡವನ್ನು ಜೊತೆಗಾರರಾದ ಹಾರ್ಡಿಂಗ್‌ಗೋ ಡಾವ್ರಿನ್‌ಗೋ ವಹಿಸಬೇಕು, ವಹಿಸಿಕೊಂಡವರು ಸಾಯುತ್ತಾರೆ. ಸೋಲಸ್ ತಾನಾಗಿ ಮನಸ್ಸು ಬದಲಿಸುವ ಎಂಡಿಂಗ್ ಬೇಕಿದ್ದರೆ ಕ್ರಾಸ್‌ರೋಡ್ಸ್ ಎಂಬ ಜಾಗದಲ್ಲಿ ತೋಳದ ಮೂರ್ತಿಗಳನ್ನು ಹುಡುಕುವ 'ರಿಗ್ರೆಟ್ಸ್ ಆಫ್ ದ ಡ್ರೆಡ್ ವುಲ್ಫ್' ಕ್ವೆಸ್ಟನ್ನು (ಆಟದೊಳಗಿನ ಕೆಲಸ) ಅರ್ಧಕ್ಕೆ ಬಿಡಬೇಡಿ. ನಾಯಕ ರೂಕ್ ಮಾತ್ರ ಯಾವ ಉತ್ತರ ಒತ್ತಿದರೂ ಒಳ್ಳೆಯವನೇ.

ಈಗ ವಿಚರ್. ಹಳೆಯದನ್ನು ಹೊತ್ತು ತರುವ ಲೆಕ್ಕದಲ್ಲಿ ವಿಚರ್ 3 ಕೂಡ ಸಾಚಾ ಅಲ್ಲ. ವಿಚರ್ 2ರ ಮೊದಲ ಅಧ್ಯಾಯದ ಕೊನೆಗೆ ರಾಜನ ಸೈನಿಕ ರೋಶ್ ಕಡೆಗೋ ಎಲ್ಫ್ ಬಂಡುಕೋರ ಯೋರ್ವೆತ್ ಕಡೆಗೋ ಹೋಗಬೇಕು. ಒಂದು ದಾರಿಯಲ್ಲಿ ಎರಡನೇ ಅಧ್ಯಾಯ ಸೈನ್ಯದ ಶಿಬಿರದಲ್ಲಿ, ಇನ್ನೊಂದರಲ್ಲಿ ವೆರ್ಗನ್ ಊರಿನಲ್ಲಿ. ಅಂದರೆ ಆಟದ ದೊಡ್ಡದೊಂದು ಭಾಗ ಮೊದಲ ಸಲ ಆಡಿದವರ ಕಣ್ಣಿಗೇ ಬೀಳುವುದಿಲ್ಲ. ಅಷ್ಟೆಲ್ಲ ಮಾಡಿಸಿದ ಮೇಲೆ 2015ರ ಮೂರನೇ ಆಟದಲ್ಲಿ ಯೋರ್ವೆತ್ ಸುಳಿವೇ ಇಲ್ಲ, ವೆರ್ಗನ್‌ನ ನಾಯಕಿ ಸಾಸ್ಕಿಯಾ ಕೂಡ ನಾಪತ್ತೆ.

ಆದರೂ ಕೇಳುವ ರೀತಿ ಚೆನ್ನಾಗಿದೆ. ಪಿಸಿಯಲ್ಲಿ ವಿಚರ್ 2ರ ಕೊನೆಯ ಸೇವ್ ಉಳಿದಿದ್ದರೆ ಹೊಸ ಆಟ ಶುರುಮಾಡುವಾಗಲೇ ಅದನ್ನು ಕೊಡಬಹುದು. ಸೇವ್ ಇಲ್ಲದವರು, ಪ್ಲೇಸ್ಟೇಷನ್‌ನವರು 'ಸಿಮ್ಯುಲೇಟ್' ಆಯ್ಕೆ ಆನ್ ಮಾಡಬೇಕು. ಆಗ ವಿಜಿಮಾ ಅರಮನೆಯಲ್ಲಿ ನಾಯಕ ಗೆರಾಲ್ಟ್‌ನ ಗಡ್ಡ ಬೋಳಿಸುತ್ತಿರುವಾಗ ವೋರ್ಹಿಸ್ ಎನ್ನುವ ಸೇನಾಧಿಕಾರಿ ವಿಚಾರಣೆಯ ಧಾಟಿಯಲ್ಲಿ ಹಳೆಯದನ್ನೆಲ್ಲ ಕೆದಕುತ್ತಾನೆ. ವಿಚರ್ 2ರ ಹಂತಕ ಲೆಥೋನನ್ನು ಕೊಲ್ಲದೆ ಬಿಟ್ಟೆ ಅಂದರೆ ವೆಲೆನ್‌ನ ರಿಯರ್ಡನ್ ಮಹಲಿನಲ್ಲಿ ಅವನು ಸಿಗುತ್ತಾನೆ. ಕೇರ್ ಮೋರ್ಹೆನ್ ಕೋಟೆಯ ಕಾಳಗಕ್ಕೆ ಮುಂಚೆ ಆ ಕ್ವೆಸ್ಟ್ ಮುಗಿಸಿ ಕರೆದರೆ ನಿಮ್ಮ ಪರವಾಗಿ ಕತ್ತಿ ಹಿಡಿಯುತ್ತಾನೆ. ಕೊಂದೆ ಅಂದಿರೋ, ಅದೆಲ್ಲ ಇಲ್ಲವೇ ಇಲ್ಲ.

ನನಗೆ ಈ ಆಟ ಮೇಲೆನಿಸುವುದು ಗೆರಾಲ್ಟ್‌ನ ಸಾಕುಮಗಳು ಸಿರಿಯ ಕಾರಣಕ್ಕೆ. ಅವಳು ಉಳಿಯುತ್ತಾಳೋ ಇಲ್ಲವೋ ಅನ್ನುವುದು ಐದು ಸಣ್ಣ ಸನ್ನಿವೇಶಗಳ ಮೇಲೆ ನಿಂತಿದೆ. ಕಾಳಗದ ನಂತರ ಅವಳು ಕುಗ್ಗಿ ಕೂತಾಗ ಕುಡಿಯಲು ಕೂರುತ್ತೀರೋ, ಹಿಮದುಂಡೆ ಎಸೆದು ಆಡುತ್ತೀರೋ. ಚಕ್ರವರ್ತಿ ಎಮ್‌ಹಿರ್ ಬಳಿಗೆ ಕರೆದೊಯ್ದರೆ ಅವನು ಕೊಡುವ ಹಣ ಮುಟ್ಟುತ್ತೀರೋ ಇಲ್ಲವೋ. ಮಾಂತ್ರಿಕೆಯರ ಸಭೆಗೆ ಒಬ್ಬಳನ್ನೇ ಕಳಿಸುತ್ತೀರೋ. ಅವಳ ಗುರು ಅವಲಾಕ್‌ನ ಪ್ರಯೋಗಶಾಲೆಯಲ್ಲಿ ಸಿಟ್ಟು ತೀರಿಸಿಕೊಳ್ಳಲು ಬಿಡುತ್ತೀರೋ. ಅವಳಿಗೆ ನೆರವಾಗಿದ್ದ ಸ್ಕ್ಯಾಲ್‌ನ ಸಮಾಧಿಗೆ ಜೊತೆಗೆ ಹೋಗುತ್ತೀರೋ. ಸಭೆಗೆ ನಾನೂ ಬರುತ್ತೇನೆ ಅಂದರೆ ಅಪ್ಪನ ಕಾಳಜಿ ಅನ್ನಿಸುತ್ತದೆ, ಆಟ ಅದನ್ನು ಅಪನಂಬಿಕೆ ಅಂತ ಬರೆದುಕೊಳ್ಳುತ್ತದೆ. ಯಾವ ಮೀಟರೂ ಇಲ್ಲ, ಎಚ್ಚರಿಕೆಯ ಸಾಲೂ ಇಲ್ಲ. ಫಲ ಕಾಣುವುದು ಗಂಟೆಗಟ್ಟಲೆ ಆಡಿದ ಮೇಲೆ, ಆಗ ಹಳೆಯ ಸೇವ್ ಲೋಡ್ ಮಾಡಿ ಸರಿಪಡಿಸುವ ಉತ್ಸಾಹ ಯಾರಿಗೂ ಉಳಿದಿರುವುದಿಲ್ಲ.

ಬಾಲ್ಡರ್ಸ್ ಗೇಟ್ 3 ಸೋಲುವುದು ಇಲ್ಲೇ, ಅದೂ ಅರ್ಧ ನಮ್ಮ ತಪ್ಪಿನಿಂದ. ಕವಲುಗಳ ಸಂಖ್ಯೆಯಲ್ಲಿ ಉಳಿದೆರಡೂ ಇದರ ಹತ್ತಿರ ಬರುವುದಿಲ್ಲ. ಗಾಬ್ಲಿನ್‌ಗಳ ಜೊತೆ ಸೇರಿ ನಿರಾಶ್ರಿತರು ತಂಗಿರುವ ಎಮರಾಲ್ಡ್ ಗ್ರೋವ್ ಮೇಲೆ ದಾಳಿ ಮಾಡಿದರೆ ಜೊತೆಗಾರರಾದ ವಿಲ್ ಮತ್ತು ಕಾರ್ಲಾಕ್ ಇಬ್ಬರೂ ಬಿಟ್ಟು ಹೋಗುತ್ತಾರೆ. ಲಾಸ್ಟ್ ಲೈಟ್ ತಂಗುದಾಣದಲ್ಲಿ ಊರನ್ನು ಕವಿದ ಶಾಪದಿಂದ ಕಾಯುತ್ತಿರುವ ಇಸೊಬೆಲ್ ಶತ್ರುಗಳ ಕೈಗೆ ಸಿಕ್ಕರೆ ಅಲ್ಲಿದ್ದವರಲ್ಲಿ ಬಹುತೇಕರು ಶಾಪಕ್ಕೆ ಬಲಿ. ಕಮ್ಮಾರ ಡ್ಯಾಮನ್ ಅಲ್ಲೇ ಸತ್ತರೆ ಕಾರ್ಲಾಕ್‌ನ ಎದೆಯ ಎಂಜಿನ್ ಮುಂದೆ ಸುಧಾರಿಸುವುದೇ ಇಲ್ಲ. (ಮಹಡಿ ಹತ್ತುವ ಮುಂಚೆ ಲಾಂಗ್ ರೆಸ್ಟ್ (ರಾತ್ರಿಯ ವಿಶ್ರಾಂತಿ) ಮುಗಿಸಿ, ಇಬ್ಬರನ್ನು ಇಸೊಬೆಲ್ ಪಕ್ಕದಲ್ಲೇ ನಿಲ್ಲಿಸಿ, ಅವಳ ಮೇಲೆ ಸ್ಯಾಂಕ್ಚುಯರಿ ಮಂತ್ರ ಹಾಕಿ. ಅವಳ ಜೊತೆ ಮಾತಾಡಿದ ಬೆನ್ನಿಗೇ ದಾಳಿ ಶುರು.) ಆದರೆ ನಷ್ಟ ಕಣ್ಣೆದುರಿಗೇ ಆಗುವುದರಿಂದ ಬೆರಳು ತಾನಾಗಿ ಸೇವ್ ಲೋಡ್ ಮಾಡುವ ಎಫ್8 ಕೀ ಮೇಲೆ ಹೋಗುತ್ತದೆ, ಮತ್ತೆ ಲೋಡ್, ಮತ್ತೆ ದಾಳ. ಒಂದೇ ಸೇವ್ ಇರುವ ಆನರ್ ಮೋಡ್ ಇದಕ್ಕೆ ಮದ್ದು, ಹೊಸಬರಿಗಲ್ಲ.

2000ದ ಎರಡನೇ ಆಟದ ಸೇವ್ ಇದಕ್ಕೆ ಬೇಕಿಲ್ಲ, ಯಾರೂ ನಿರೀಕ್ಷಿಸಿಯೂ ಇರಲಿಲ್ಲ. ಹಳೆಯ ಜೊತೆಗಾರರಾದ ಜಹೀರಾ, ಮಿನ್ಸ್ಕ್ ಬಂದದ್ದು ಖುಷಿ. ಇನ್ನೊಬ್ಬ ಹಳೆಯ ಜೊತೆಗಾತಿ ವಿಕೋನಿಯಾಳನ್ನು ಖಳನಾಯಕಿ ಮಾಡಿದ್ದನ್ನು ಹಳಬರು ಇನ್ನೂ ಕ್ಷಮಿಸಿಲ್ಲ. ಕೊನೆ ಅವಸರದ್ದು ಅಂತ ಗೊಣಗಿದವರ ಮಾತನ್ನು ತಯಾರಕ ಸಂಸ್ಥೆ ಲೇರಿಯನ್ ಕೇಳಿಸಿಕೊಂಡಿತು, 2023ರ ನವೆಂಬರ್ 30ರ ಐದನೇ ಪ್ಯಾಚ್‌ನಲ್ಲಿ ಆರು ತಿಂಗಳ ನಂತರದ ಪುನರ್ಮಿಲನ ಸೇರಿಸಿತು.

ಕೆಲಸ ಮುಗಿಸಿ ರಾತ್ರಿ ಒಂದೆರಡು ಗಂಟೆ ಆಡಿ, ಒಂದು ಆಟವನ್ನು ಒಂದೇ ಸಲ ಮುಗಿಸುವುದು ನನ್ನ ರೂಢಿ, ಅದಕ್ಕೇ ವಿಚರ್ 3. ಮೂರ್ನಾಲ್ಕು ಸಲ ಬೇರೆ ಬೇರೆ ಪಾತ್ರದಲ್ಲಿ ಆಡುವವರು, ಗೆಳೆಯರ ಜೊತೆ ಆಡುವವರು ಬಾಲ್ಡರ್ಸ್ ಗೇಟ್‌ಗೆ ಪೂರ್ತಿ ಬೆಲೆ ಕೊಟ್ಟರೂ ನಷ್ಟವಿಲ್ಲ. ವೇಲ್‌ಗಾರ್ಡ್‌ಗೆ ಪೂರ್ತಿ ಬೆಲೆ ಕೊಡಬೇಡಿ. ಡ್ರ್ಯಾಗನ್ ಏಜ್ ಹಿಂದೆ ಆಡಿಲ್ಲದವರಿಗೆ ದೊಡ್ಡ ರಿಯಾಯಿತಿಯಲ್ಲಿ ಸಿಕ್ಕರೆ ಪರವಾಗಿಲ್ಲ.