ಮೊದಲ ಕಿರುಚಿತ್ರಕ್ಕೆ ಕ್ರೌಡ್‌ಫಂಡಿಂಗ್: ಐದಕ್ಕೆ ಮೂರು ಸ್ಟಾರ್
ಹದಿನೈದು ನಿಮಿಷದ ಕಿರುಚಿತ್ರಕ್ಕೆ 1.5 ಲಕ್ಷ ಬೇಕಿತ್ತು, ಜನರಿಂದ ಸ್ವಲ್ಪ ಸ್ವಲ್ಪ ದುಡ್ಡು ಕೂಡಿಸುವ ಒಂದು ಕ್ರೌಡ್‌ಫಂಡಿಂಗ್ ಸೈಟಿನಲ್ಲಿ ಹಾಕಿದೆ. 2013ರ ‘ಲೂಸಿಯಾ’ ಸಿನಿಮಾಗೆ ಜನರೇ ದುಡ್ಡು ಹಾಕಿದ್ದರಲ್ಲ, ನಮಗೂ ಹಾಕುತ್ತಾರೆ ಅಂತ ಸುಮ್ನೆ ಒಂದು ಧೈರ್ಯ. ಪೇಜ್ ಮಾಡುವುದು ಸುಲಭ, ಯುಪಿಐ ಕೂಡ ಇದೆ. ಆದರೆ ಗುರಿ ಮುಟ್ಟದಿದ್ದರೆ ಒಂದು ರೂಪಾಯಿಯೂ ಕೈಗೆ ಬರುವುದಿಲ್ಲ, ಕೊಟ್ಟವರಿಗೇ ವಾಪಸ್. ಮುಟ್ಟಿದರೂ ಕಮಿಷನ್, ಅದರ ಮೇಲೆ 18% ಜಿಎಸ್‌ಟಿ, ಪೇಮೆಂಟ್ ಗೇಟ್‌ವೇ ಶುಲ್ಕ ಅಂತ ಕಳೆದು ನಮಗೆ ಸಿಕ್ಕಿದ್ದು 1.32 ಲಕ್ಷ, ಇದನ್ನು ಮೊದಲೇ ದಪ್ಪ ಅಕ್ಷರದಲ್ಲಿ ಹಾಕಬಾರದಿತ್ತಾ?

ಗುರುತಿಲ್ಲದವರು ಬಂದು ಕೊಡುತ್ತಾರೆ ಅಂತ ಕಾಯಬೇಡಿ. ಕೊಟ್ಟವರಲ್ಲಿ ಮುಕ್ಕಾಲು ಪಾಲು ನನ್ನ ಕಾಲೇಜು ಗೆಳೆಯರು, ಆಫೀಸಿನವರು, ದಾವಣಗೆರೆಯ ಸೋದರಮಾವ. ಅವರಿಗೆ ನೇರವಾಗಿ ಗೂಗಲ್ ಪೇ ಮಾಡಿ ಅಂದಿದ್ದರೂ ಆಗುತ್ತಿತ್ತು, ಅಲ್ವಾ? ಬಾಯಿಬಿಟ್ಟು ಕೇಳಲು ನಾಚಿಕೆ, ಲಿಂಕ್ ಕಳಿಸುವುದು ಸಲೀಸು, ಅಷ್ಟೇ.