ಮೆಡಿಕಲ್ ಅಡ್ಮಿಷನ್ ಸಲಹೆ: ಪ್ರಬಂಧಕ್ಕೆ ಸರಿ, ಉಳಿದದ್ದಕ್ಕೆ ಬೇಡ

ಅಮೆರಿಕದಲ್ಲಿ ಮೆಡಿಕಲ್ ಸೀಟಿಗೆ ಅರ್ಜಿ ಹಾಕುವ ಮಗನಿಗಾಗಿ ಈ ಆನ್‌ಲೈನ್ ಸೇವೆ ತಗೊಂಡೆವು. ನಾನು ಕನ್ನಡಿಗ, ಹೆಂಡತಿ ಮೆಕ್ಸಿಕನ್ ಅಮೆರಿಕನ್. ಮೊದಲ ಕರೆಯಲ್ಲೇ ಸಲಹೆಗಾರರು, ವೈದ್ಯರಲ್ಲಿ ಕಡಿಮೆ ಇರುವ ಗುಂಪುಗಳು ಅಂತ ಒಂದು ಪಟ್ಟಿ ತೋರಿಸಿದರು: ಆಫ್ರಿಕನ್ ಅಮೆರಿಕನ್ನರು, ಮೆಕ್ಸಿಕನ್ ಅಮೆರಿಕನ್ನರು, ಮೂಲನಿವಾಸಿಗಳು, ಅಮೆರಿಕದ ಮುಖ್ಯ ನೆಲದಲ್ಲಿರುವ ಪೋರ್ಟೊರಿಕನ್ನರು. ಸೀಟು ಸಿಗಲು ಪ್ರತಿ ಗುಂಪಿಗೂ ಇಷ್ಟಿಷ್ಟು ಅಂಕ ಅಂತೆ! 'ಭಾರತೀಯ ಅಂತ ಬರೀಬೇಡಿ' ಅನ್ನೋ ಬುದ್ಧಿಮಾತು ಬೇರೆ.

ಆ ಪಟ್ಟಿಯನ್ನು ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ 2003ರಲ್ಲೇ ಕೈಬಿಟ್ಟಿದೆ. ಅದರ ಬದಲು, ಜನಸಂಖ್ಯೆಗೆ ಹೋಲಿಸಿದರೆ ವೈದ್ಯರಲ್ಲಿ ಯಾರು ಕಡಿಮೆ ಇದ್ದಾರೆ ಅನ್ನೋ ಲೆಕ್ಕ ಹಿಡಿಯಿತು. ಮೇಲಾಗಿ 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಜನಾಂಗ ನೋಡಿ ಸೀಟು ಕೊಡುವಂತಿಲ್ಲ ಅಂದಿದೆ. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಅಂತ ವಿದ್ಯಾರ್ಥಿ ಬರೆದರೆ ಅದನ್ನು ನೋಡಬಹುದು, ಅಷ್ಟೇ. ಮತ್ತೆ ಅಂಕ ಎಲ್ಲಿಂದ ಬಂತು ಸ್ವಾಮಿ?

ಅರ್ಜಿಯ ಜೊತೆ ಕಳಿಸುವ ಪ್ರಬಂಧ ತಿದ್ದಿದವರು ಬೇರೆಯವರು, ಕೆಲಸ ಬಲ್ಲವರು. ಕ್ಲಿನಿಕ್‌ನಲ್ಲಿ ಅಜ್ಜಿಯ ಸ್ಪ್ಯಾನಿಷನ್ನು ಡಾಕ್ಟರಿಗೆ ಇಂಗ್ಲಿಷಲ್ಲಿ ಹೇಳುತ್ತಿದ್ದದ್ದನ್ನು ಮಗ ಒಂದೇ ಸಾಲಲ್ಲಿ ಮುಗಿಸಿದ್ದ. 'ಯಾವ ಮಾತ್ರೆ ಯಾವಾಗ ಅಂತ ಅಜ್ಜಿಗೆ ಹೇಗೆ ತಿಳಿಸಿದೆ?' ಎಂದು ಕೆದಕಿ ಕೆದಕಿ ಬರೆಸಿದರು. ಅವರ ಸಮಯ ಮಾತ್ರ ಸಿಗುವುದಾದರೆ ತಗೊಳ್ಳಿ. ಪೂರ್ತಿ ಪ್ಯಾಕೇಜ್ ಅಂದ್ರೆ ದುಡ್ಡು ದಂಡ. ಐದಕ್ಕೆ ಎರಡೂವರೆ ಸ್ಟಾರ್.