ಹಳೆಯ ಗುಡಿಯ ಹತ್ತಿರ ಮನೆ ಇರುವವರು ಪಾಯ ತೋಡುವ ಮೊದಲು ಇದನ್ನು ಓದಬೇಕು

ಕೊಪ್ಪಳ ಜಿಲ್ಲೆಯ ಕುಕನೂರು ಭಾಗದ ಹಳ್ಳಿಯೊಂದರಲ್ಲಿ ನಮ್ಮ ಅಜ್ಜ ಕಟ್ಟಿಸಿದ ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ಮನೆ ಇದೆ. ಮುಂದೆ ಕಟ್ಟೆ, ಒಳಗೆ ಪಡಸಾಲೆ ಮತ್ತು ಅಡುಗೆಮನೆ, ಹಿಂದೆ ದೊಡ್ಡ ಹಿತ್ತಲು. ಮಗನ ಮದುವೆ ಗೊತ್ತಾದಾಗ ಹಿತ್ತಲಿನಲ್ಲಿ ಎರಡು ಕೋಣೆ ಮತ್ತು ಒಂದು ಬಚ್ಚಲುಮನೆ ಕಟ್ಟಿಸಬೇಕೆಂದು ತೀರ್ಮಾನಿಸಿದೆವು. ವಯಸ್ಸಾದ ಅವ್ವ ರಾತ್ರಿ ಹೊತ್ತು ಹಿತ್ತಲು ದಾಟಿ ಬಚ್ಚಲಿಗೆ ಹೋಗುವುದು ಕಷ್ಟವಾಗಿದ್ದುದು ಇನ್ನೊಂದು ಕಾರಣ. ಈ ಕೆಲಸ ನಮಗೆ ಒಂದು ಲಕ್ಷ ಅರವತ್ತು ಸಾವಿರ ರೂಪಾಯಿಯ ನಷ್ಟವನ್ನೂ ಎಂಟು ತಿಂಗಳ ಅಲೆದಾಟವನ್ನೂ ತಂದಿತು. ನಮ್ಮಂಥ ಮನೆಗಳಿರುವ ಊರುಗಳು ಈ ಸೀಮೆಯಲ್ಲಿ ಬಹಳ ಇರುವುದರಿಂದ, ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಓಣಿಯ ಕೊನೆಯಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಒಂದು ಕಲ್ಲಿನ ಗುಡಿ ಇದೆ. ಸುತ್ತಮುತ್ತ ಕಟ್ಟಲು ನಿರ್ಬಂಧವಿದೆ ಎಂದು ಕೇಳಿದ್ದೆನಾದರೂ ಅದರ ಲೆಕ್ಕ ನನಗೆ ತಿಳಿದಿರಲಿಲ್ಲ. ಕಾಗದಪತ್ರ ಮಾಡಿಸಿಕೊಡುವ ಮಧ್ಯವರ್ತಿಯೊಬ್ಬರು ಟೇಪು ಹಿಡಿದು ಗುಡಿಯ ಗೋಡೆಯಿಂದ ನಮ್ಮ ಹಿತ್ತಲಿನವರೆಗೆ ಅಳೆದು, "ನೂರಾ ಮೂವತ್ತು ಮೀಟರ್ ಐತ್ರಿ ಯಜಮಾನ್ರ, ನೂರು ದಾಟಿದ್ರ ಯಾರೂ ಕೇಳಂಗಿಲ್ಲ, ಪಂಚಾಯ್ತಿ ಪರವಾನಗಿ ಒಂದಿದ್ರ ಸಾಕು" ಎಂದರು. ಅವರ ಮಾತಿನಲ್ಲಿ ಎರಡು ತಪ್ಪುಗಳಿದ್ದವು; ಎರಡನ್ನೂ ನಾನು ಪರೀಕ್ಷಿಸದೆ ನಂಬಿದೆ.

ಮೊದಲನೆಯ ತಪ್ಪು ಅಳತೆಯದು. ಪ್ರಾಚೀನ ಸ್ಮಾರಕಗಳ ಕುರಿತ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಈ ದೂರವನ್ನು ಗುಡಿಯ ಗೋಡೆಯಿಂದ ಅಳೆಯುವುದಿಲ್ಲ. ಸಂರಕ್ಷಿತವೆಂದು ಘೋಷಿಸಿದ ಜಾಗದ ಗಡಿಯಿಂದ ಅಳೆಯುತ್ತಾರೆ. ನಮ್ಮೂರಿನಲ್ಲಿ ಗುಡಿಯ ಮುಂದಿನ ಹೊಂಡವೂ ಅದರ ಪಕ್ಕದ ಖಾಲಿ ಜಾಗವೂ ಆ ಗಡಿಯೊಳಗೇ ಬರುತ್ತವೆ. ಗಡಿಯಿಂದ ಅಳೆದಾಗ ನಮ್ಮ ಹಿತ್ತಲು 88 ಮೀಟರ್ ದೂರದಲ್ಲಿದೆ ಎಂದು ತಿಳಿಯಿತು. ಒಂದು ವೇಳೆ ಆ ನೂರಾ ಮೂವತ್ತೇ ನಿಜವಾಗಿದ್ದರೂ ನಾವು ನಿಯಂತ್ರಿತ ಪ್ರದೇಶದಲ್ಲಿರುತ್ತಿದ್ದೆವು, ಅಲ್ಲಿಯೂ ಕಟ್ಟುವ ಮೊದಲು ಸಕ್ಷಮ ಪ್ರಾಧಿಕಾರದ, ಅಂದರೆ ಈ ಕಾಯ್ದೆಯಡಿ ಅನುಮತಿ ಕೊಡಲು ನೇಮಿಸಿದ ಅಧಿಕಾರಿಯ, ಅನುಮತಿ ಪಡೆಯಲೇಬೇಕು. ಯಾರೂ ಕೇಳುವುದಿಲ್ಲ ಎಂಬುದು ಯಾವ ಅಳತೆಗೂ ಸಲ್ಲದ ಮಾತಾಗಿತ್ತು.

ಎರಡನೆಯದು ಪರವಾನಗಿಯ ತಪ್ಪು. ಹಳ್ಳಿಯಲ್ಲಿ ಮನೆ ಕಟ್ಟಲು ಅಥವಾ ಇರುವ ಮನೆಗೆ ಸೇರಿಸಿ ಕಟ್ಟಲು, 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಅದನ್ನು ನಾನು ಪಡೆದಿದ್ದೆ, ಪಂಚಾಯಿತಿಯವರು ನಿಯಮದಂತೆಯೇ ಕೊಟ್ಟಿದ್ದರು. ಅದರ ಕೆಳಭಾಗದಲ್ಲಿ, ಬೇರೆ ಇಲಾಖೆಗಳ ಒಪ್ಪಿಗೆ ಅಗತ್ಯವಿದ್ದರೆ ಅರ್ಜಿದಾರರೇ ಪಡೆಯಬೇಕೆಂಬ ಷರತ್ತು ಅಚ್ಚಾಗಿತ್ತು. ಆ ಸಾಲನ್ನು ನಾನು ಓದಲಿಲ್ಲ. ನಮ್ಮಲ್ಲಿ ಅನೇಕರು ಇ-ಸ್ವತ್ತಿನ ನಮೂನೆ 9 ಮತ್ತು 11 ಕೈಗೆ ಬಂದರೆ ಎಲ್ಲವೂ ಮುಗಿಯಿತೆಂದು ತಿಳಿಯುವುದನ್ನೂ ನೋಡಿದ್ದೇನೆ. ಅವು ಆಸ್ತಿಯ ದಾಖಲೆಗಳೇ ಹೊರತು ಕಟ್ಟಡದ ಪರವಾನಗಿಯಲ್ಲ.

ಪಾಯ ತೋಡಿ, ಸೈಜುಗಲ್ಲು ಕಟ್ಟಿ, ಕಬ್ಬಿಣ ತಂದು ಹಾಕಿದ ಹನ್ನೊಂದನೆಯ ದಿನ ಕೆಲಸ ನಿಲ್ಲಿಸುವಂತೆ ನೋಟಿಸು ಬಂತು. ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೆ ಎರಡು ವರ್ಷದವರೆಗೆ ಸೆರೆಮನೆ ವಾಸ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ ಎಂದು ಆ ದಿನ ತಿಳಿದು ಮನೆಯವರೆಲ್ಲ ಹೆದರಿಹೋದೆವು. ಹದಿನೆಂಟು ಸಾವಿರ ರೂಪಾಯಿ ಪಡೆದಿದ್ದ ಮಧ್ಯವರ್ತಿ ಆಮೇಲೆ ಫೋನು ಎತ್ತಲಿಲ್ಲ.

ಮುಂದೆ ತಿಳಿದುಬಂದ ಒಂದು ಸಂಗತಿಯನ್ನು ಎಲ್ಲರಿಗಿಂತ ಮೊದಲು ನಾನೇ ತಿಳಿದಿರಬೇಕಾಗಿತ್ತು. ಕಾಯ್ದೆಯ ದೃಷ್ಟಿಯಲ್ಲಿ ಮನೆಯನ್ನು ಅಡ್ಡಲಾಗಿ ಬೆಳೆಸಿದರೂ ಮೇಲಕ್ಕೆ ಬೆಳೆಸಿದರೂ ಅದು ಹೊಸ ನಿರ್ಮಾಣವೇ. ಹಿತ್ತಲಿನ ಕೋಣೆ, ಮಾಳಿಗೆಯ ಮೇಲಿನ ಕೋಣೆ ಎಂಬ ಭೇದವಿಲ್ಲ, ನೂರು ಮೀಟರಿನೊಳಗೆ ಎರಡೂ ಕೂಡದು. ಆದರೆ 1992ರ ಜೂನ್ 16ಕ್ಕಿಂತ ಮೊದಲು ಇದ್ದ ಮನೆಯನ್ನು ದುರಸ್ತಿ ಮಾಡಲು, ನವೀಕರಿಸಲು ಮಾಲೀಕರು ಅನುಮತಿ ಕೋರಿ ಅರ್ಜಿ ಹಾಕಬಹುದು. ಸೋರುವ ಮೇಲ್ಮುದ್ದೆಯನ್ನು ಸರಿಪಡಿಸುವುದಕ್ಕೂ ಅರ್ಜಿ ಬೇಕೆಂಬುದು ನಮಗೆ ಭಾರವೆನಿಸಿದರೂ, ಆ ದಾರಿಯಾದರೂ ತೆರೆದಿದೆ ಎಂಬುದೇ ನಮ್ಮ ಪಾಲಿಗೆ ದೊಡ್ಡ ಆಸರೆಯಾಯಿತು. ಮನೆ ಆ ದಿನಾಂಕಕ್ಕಿಂತ ಹಳೆಯದೆಂದು ತೋರಿಸಲು ದಾಖಲೆ ಬೇಕಿತ್ತು. ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿ ಅವ್ವ ಜೋಪಾನವಾಗಿ ಇಟ್ಟಿದ್ದ 1984ರ ಮನೆಕರದ ರಶೀದಿ ನಮ್ಮ ಕೈ ಹಿಡಿಯಿತು. ಹಳೆಯ ರಶೀದಿಗಳನ್ನು ದಯವಿಟ್ಟು ಯಾರೂ ಒಲೆಗೆ ಹಾಕಬೇಡಿ.

ಇದು ನಮ್ಮೂರಿನ ಗುಡಿಗೆ ಮಾತ್ರ ಸಂಬಂಧಿಸಿದ ನಿಯಮವಲ್ಲ. ಇಟಗಿಯ ಮಹಾದೇವ ದೇವಾಲಯವಾಗಲಿ, ಮಸ್ಕಿಯ ಅಶೋಕನ ಶಾಸನವಾಗಲಿ, ಕೇಂದ್ರದ ಸಂರಕ್ಷಣೆಯಲ್ಲಿರುವ ಯಾವುದೇ ಸ್ಮಾರಕದ ನೆರೆಯಲ್ಲಿ ಮನೆಯಿರುವವರಿಗೆಲ್ಲ ಇದೇ ಅಳತೆ ಅನ್ವಯಿಸುತ್ತದೆ. ಆನೆಗೊಂದಿಯ ಕಡೆಯವರಿಗೆ ಇದರ ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮಗಳೂ ಇವೆ. ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ಸ್ಮಾರಕದ ಉಸ್ತುವಾರಿಯ ಕಚೇರಿಗೆ ನೀವೇ ಹೋಗಿ, ಸಂರಕ್ಷಿತ ಗಡಿಯ ನಕ್ಷೆಯನ್ನು ನೋಡಿ, ಅಲ್ಲಿಂದ ನಿಮ್ಮ ಜಾಗಕ್ಕೆ ಎಷ್ಟು ದೂರವೆಂದು ಬರಹದಲ್ಲಿ ಕೇಳಿ ಪಡೆಯಿರಿ.

ತೋಡಿದ ಪಾಯವನ್ನು ನಾವೇ ಮಣ್ಣು ತುಂಬಿ ಮುಚ್ಚಿಸಿದೆವು. ಸೈಜುಗಲ್ಲನ್ನು ಅರ್ಧ ಬೆಲೆಗೆ ಮಾರಿದೆವು. ಮಗ ಮತ್ತು ಸೊಸೆ ಈಗ ಕೊಪ್ಪಳದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ದುರಸ್ತಿಗೆ ಅನುಮತಿ ಸಿಕ್ಕಿದ ಮೇಲೆ ಮೇಲ್ಮುದ್ದೆಯನ್ನು ಸರಿಪಡಿಸಿ, ಪಡಸಾಲೆಯ ಒಂದು ಮೂಲೆಯಲ್ಲೇ ಅವ್ವನಿಗೆ ಬಚ್ಚಲು ಮಾಡಿಸಿಕೊಟ್ಟಿದ್ದೇವೆ.